ಕೂಸಿಗಿಂತ ಮುಂಚೆ ಗುಂಡುಕಲ್ಲು

ಮೊಮ್ಮಗಳು ಹುಟ್ಟಿದ ಸುದ್ದಿ ಬಂದಾಗ ನಾನು ಹಿಪ್ಪುನೇರಳೆ ಸೊಪ್ಪು ಕೊಯ್ತಿದ್ದೆ. ಕುಡುಗೋಲು ಎಲ್ಲಿ ಬಿಸಾಕಿದ್ನೋ ಇವತ್ತಿಗೂ ಗೊತ್ತಿಲ್ಲ. ಎಂಬತ್ತರ ದಶಕ ಮುಗೀತಾ ಬಂದಿತ್ತು. ತೊಟ್ಟಿಲು ಶಾಸ್ತ್ರಕ್ಕೆ ಮಗಳ ಅತ್ತೆಮನೆ ಇರೋ ರಾಯಲ್ಪಾಡಿಗೆ ಹೋಗೋ ಬಸ್ಸಲ್ಲಿ ಪಕ್ಕದವರಿಗೆಲ್ಲ ಕೂಸಿನ ಮೂಗು ಎಂಥಾದ್ದು ಅಂತ ಹೇಳಿದ್ದೇ ಹೇಳಿದ್ದು. ಇನ್ನೂ ನೋಡೇ ಇರಲಿಲ್ಲ.

ಚೊಚ್ಚಲ ಹೆರಿಗೆ ತೌರಲ್ಲಿ ಆಗಬೇಕು. ಮುತ್ತೈದೆ ಇಲ್ಲದ ಮನೆ ಅಂತ ಬೀಗರು ಕಳಿಸಲಿಲ್ಲ. ನನ್ನ ಗಂಡ ಶಿವಾರಪಟ್ಟಣದಲ್ಲಿ ಕಲ್ಲು ಕೆತ್ತೋರು. ಧೂಳು ಎದೇಲಿ ಕೂತು ಎಪ್ಪತ್ತರ ದಶಕದಲ್ಲೇ ಹೋದರು. ಅವತ್ತಿಂದ ಊರ ಬಾಯಲ್ಲಿ ನಾನು ಅಮಂಗಳ, ಮಗಳು ಬೇವರ್ಸಿ.

ಆ ಮಗಳೇ ಕೋಲಾರದ ಕಾಲೇಜಲ್ಲಿ ಓದ್ತಿದ್ದಾಗ, ರಾಗಿ ಕೇರ್ತಾ ಕೂತ ನನಗೆ ಆ ಮಾತುಗಳನ್ನ ಬಿಡಿಸಿ ತೋರಿಸಿದ್ದಳು. ಅಮಂಗಳದ ಮುಂದಿನ 'ಅ' ಸಂಸ್ಕೃತದ್ದಂತೆ, ಇಂಗ್ಲಿಷಿನ 'ಅನ್'ಗೂ ಅದಕ್ಕೂ ಬೇರು ಒಂದೇ ಅಂತೆ. 'ಬೇ' ಪಾರ್ಸಿಯಿಂದ ಬಂತಂತೆ. ವಾರಸುದಾರ ಇಲ್ಲದೋನು ಬೇವರ್ಸಿ. ನಮ್ಮ ಕನ್ನಡ, ತೆಲುಗು ಮಾತ್ರ ಇಲ್ಲ ಅನ್ನೋದನ್ನ ಮಾತಿನ ಕೊನೇಲಿ ಇಡ್ತವಂತೆ, ಬರಲ್ಲ, ತಿನ್ನಲ್ಲ ಅಂದ ಹಾಗೆ. "ಮುಂದೆ ಅಂಟಿಕೊಂಡವೆಲ್ಲ ಹೊರಗಿನವು ಕಣಮ್ಮ" ಅಂದಳು. ಎಲ್ಲಿಂದ ಬಂದರೇನೇ, ಅಂಟಿದ್ದು ನನ್ನ ಹಣೆಗೆ ಅಂದೆ.

ಕೂಸನ್ನ ಮಲಗಿಸೋ ಮುಂಚೆ ತೊಟ್ಟಿಲಿಗೆ ಗುಂಡುಕಲ್ಲು ಇಡೋದು ನಮ್ಮ ಕಡೆ ರೂಢಿ, ಕೂಸು ಕಲ್ಲಿನಂಗೆ ಗಟ್ಟಿಯಾಗಲಿ ಅಂತ. ನನ್ನ ಗಂಡ ಕೆತ್ತಿದ ಗುಂಡುಕಲ್ಲನ್ನೇ ಸೆರಗಲ್ಲಿ ಕಟ್ಟಿ ತಂದಿದ್ದೆ. ಬೀಗಿತ್ತಿ ಕೆಟ್ಟವಳಲ್ಲ. ಕಲ್ಲು ಇಸ್ಕೊಂಡಳು. ಅತ್ತಿಗೆ ಅನ್ನೋದನ್ನ ಅವರ ಮನೇಲಿ ತೆಲುಗಲ್ಲೇ ಅನ್ನೋದು. "ವದಿನಾ, ಮೊದಲು ಮುತ್ತೈದೇರು ಮುಟ್ಟಲಿ, ನೀನು ಆಮೇಲೆ" ಅಂತ ನನ್ನನ್ನ ಒಳಕೋಣೆ ಬಾಗಿಲ ಹಿಂದೆ ನಿಲ್ಲಿಸಿದಳು.

ಆಚೆಯಿಂದ ಮಗಳ ದನಿ ಕೇಳಿಸಿತು. "ನಮ್ಮಮ್ಮ ಮುಟ್ಟದೆ ಕೂಸನ್ನ ಕೊಡಲ್ಲ."

ಅವಳು ಬಾಳಬೇಕಾದ ಮನೆ ಅದು. ಬಾಗಿಲ ಹಿಂದಿಂದಲೇ ಅಂದೆ, "ಕೊಡೇ. ಕೂಸಿಗಿಂತ ಮುಂದೆ ಇಡೋ ಕಲ್ಲು ನಿಮ್ಮಪ್ಪಂದು."

ಕಲ್ಲು ತೊಟ್ಟಿಲ ಹಲಗೆಗೆ ತಾಗಿದ ಸದ್ದು ಕೇಳಿಸಿತು. ಆಮೇಲೆ ಕೂಸಿನ ಅಳು, ಹೆಂಗಸರ ಹಾಡು. ಎಲ್ಲರ ಊಟ ಆದ ಮೇಲೆ ಕೂಸು ನನ್ನ ಮಡಿಲಿಗೆ ಬಂತು. ಮೂಗು ನಾನು ಬಸ್ಸಲ್ಲಿ ಹೇಳಿದಂಗೇ ಇತ್ತು, ತಾತಂದು. ಹಿಗ್ಗಿ ಹೋದೆ. ಮಗಳು ಮಾತ್ರ, ನಾನು ಕೊಡೇ ಅಂದಿದ್ದಕ್ಕೆ ಮುನಿದು, ಗೋಡೆ ಕಡೆ ತಿರುಗಿ ಮಲಗಿದ್ದಳು.