ಬ್ಯಾಂಕ್ ಖಾತೆಯಲ್ಲಿ ಅಮ್ಮನವರು

ಪದ್ದಕ್ಕ ಬಾಗಿಲಿಗೆ ಬೀಗ ಹಾಕಿದ ಮೇಲೆ ಆ ಬೀಗಕ್ಕೆ ಜೋತುಬೀಳುತ್ತಿದ್ದಳು. ಎಳೆದು ನೋಡುವುದಲ್ಲ, ಜೋತುಬೀಳುವುದು. ಎರಡೂ ಕೈಯಿಂದ ಬೀಗ ಹಿಡಿದು, ಮಂಡಿ ಮಡಚಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಕಣ್ಣು ಮುಚ್ಚಿ ನೇತಾಡುತ್ತಿದ್ದಳು. ಗ್ಯಾಲರಿಯಲ್ಲಿ ಹಲ್ಲುಜ್ಜುತ್ತ ನಿಂತ ಯಾರಾದರೂ, "ಪದ್ದಕ್ಕ, ಬೀಗ ಬರುದಿಲ್ಲ, ಬಾಗಿಲೇ ಕಿತ್ತು ಬರ್ತದೆ" ಎಂದು ಕೂಗುತ್ತಿದ್ದರು. ಅವಳದು ಒಂದೇ ಉತ್ತರ: "ಎಂತಾದ್ರೂ ಆದ್ರೆ?"

ಎಂತಾದ್ರೂ ಆದ್ರೆ ಎನ್ನುವುದು ಅವಳಿಗೆ ಉಸಿರಾಟದ ಹಾಗೆ. ಸ್ಟೇಷನ್ನಿನಲ್ಲಿ ತುಂಬಿದ ಲೋಕಲ್ ಬಂದರೆ ಹತ್ತುತ್ತಿರಲಿಲ್ಲ, ತಳ್ಳಿ ಬೀಳಿಸುತ್ತಾರೆ ಎಂದು. ಖಾಲಿ ಲೋಕಲ್ ಬಂದರೂ ಹತ್ತುತ್ತಿರಲಿಲ್ಲ, ಇದು ಯಾಕೆ ಖಾಲಿ ಎಂದು. ಪೋಸ್ಟ್‌ಮ್ಯಾನ್ ಯಾರ ಮನೆಗೇ ತಂತಿ ತಂದರೂ ಇವಳು ಮೊದಲು ನೆಲದ ಮೇಲೆ ಕೂತುಬಿಡುತ್ತಿದ್ದಳು. ನಿಂತು ಕೇಳಿದರೆ ಬಿದ್ದು ತಲೆ ಒಡೆದುಕೊಂಡೇನು ಎಂಬ ಮುಂಜಾಗ್ರತೆ.

ನಮ್ಮದು ಗ್ರಾಂಟ್ ರೋಡಿನ ಹಿಂದಿನ ಚಾಳು, ಕೋಣೆಗೊಂದು ಸಂಸಾರ. ಪದ್ದಕ್ಕನದು ಪಕ್ಕದ ಖೋಲಿ. ರಕ್ತಸಂಬಂಧ ಏನೂ ಇಲ್ಲ. ಅಪ್ಪ ಅಕ್ಕ ಎನ್ನುತ್ತಿದ್ದ, ಅದನ್ನು ಕೇಳಿ ನಾನೂ ಅಕ್ಕ ಎಂದೆ. ನಾನು ಕಂಡದ್ದು ಅವಳ ಬಿಳಿ ತುರುಬಿನ ಕಾಲ. ಈಗ ಹೇಳಲಿಕ್ಕೆ ಹೊರಟದ್ದು ಐವತ್ತರ ದಶಕದ ಮಾತು, ನಾನಿನ್ನೂ ಹುಟ್ಟಿರಲಿಲ್ಲ. ಅಪ್ಪ ಆಗ ಮದುವೆಯಾಗದ ಹುಡುಗ, ಫೋರ್ಟಿನ ಒಂದು ಆಫೀಸಿನಲ್ಲಿ ಟೈಪಿಸ್ಟು, ಊಟ ಪದ್ದಕ್ಕನ ಮನೆಯಲ್ಲಿ. ಇಡೀ ಪ್ರಸಂಗಕ್ಕೆ ಅವನೇ ಸಾಕ್ಷಿ. ಸ್ವಲ್ಪ ಮಟ್ಟಿಗೆ ಅವನೇ ಆರೋಪಿ ಕೂಡ. ಅರ್ಧ ಅವನ ಬಾಯಿಂದ, ಅರ್ಧ ಅವಳ ಬಾಯಿಂದ ಕೇಳಿ ನಾನು ಜೋಡಿಸಿಕೊಂಡದ್ದು ಇದು.

ಪದ್ದಕ್ಕನ ಗಂಡ ವಾಸಣ್ಣ ಒಂದು ಉಡುಪಿ ಹೋಟೆಲಿನಲ್ಲಿ ಅಡಿಗೆಯವ. ಸಾರಿನ ಪುಡಿ ಮಾತ್ರ ಅವನಿಗೆ ಹೆಂಡತಿಯ ಕೈಯದೇ ಆಗಬೇಕು. ಹೋಟೆಲಿನ ಮಾಲೀಕ ಭಟ್ಟರಿಗೆ ಅದರ ರುಚಿ ಹತ್ತಿತು. ಅವರ ಬಾಯಿಂದ ಇನ್ನೊಂದು ಹೋಟೆಲಿಗೆ, ಅಲ್ಲಿಂದ ಮತ್ತೊಂದಕ್ಕೆ ಸುದ್ದಿ ಹೋಯಿತು. ಪದ್ದಕ್ಕ ಖೋಲಿಯೊಳಗೇ ಮೆಣಸು ಹುರಿದು ಕುಟ್ಟತೊಡಗಿದಳು. ಇಡೀ ಚಾಳು ಕೆಮ್ಮಿತು. ಕೆಳಗಿನ ಮಹಡಿಯ ಮರಾಠಿ ಮುದುಕರೊಬ್ಬರು ಬೆಳಗ್ಗೆ ಪೂಜೆಗೆ ಕೂತು ಸೀನಿ ಸೀನಿ ಆರತಿ ಆರಿಸಿಬಿಟ್ಟರಂತೆ. ಬಾಡಿಗೆ ವಸೂಲಿಗೆ ಬರುವ ಮೆಹ್ತಾ ಬಾಗಿಲಲ್ಲಿ ನಿಂತು ಹೇಳಿಹೋದ: "ಮಿರ್ಚಿ ಬಂದ್ ಕರೋ, ನಹೀಂತೋ ಖೋಲಿ ಖಾಲಿ ಕರೋ."

ಅವಳ ಜಾಗದಲ್ಲಿ ನಾನಿದ್ದಿದ್ದರೆ ಮಿರ್ಚಿ ಬಂದ್ ಮಾಡುತ್ತಿದ್ದೆ. ಪದ್ದಕ್ಕ ಮಾಡಲಿಲ್ಲ. ವಾಸಣ್ಣನಿಗೆ ಉಬ್ಬಸ ಶುರುವಾಗಿತ್ತು. ಒಲೆಯ ಮುಂದೆ ಅವನು ಇನ್ನೆಷ್ಟು ದಿನ ನಿಂತಾನು ಎಂಬ ಹೆದರಿಕೆ, ಮೆಹ್ತಾನ ಹೆದರಿಕೆಗಿಂತ ದೊಡ್ಡದಾಗಿತ್ತು. ಧಾರಾವಿಯಲ್ಲಿ ಚರ್ಮದ ಕೆಲಸದವರ ಸಾಲಿನ ತುದಿಯಲ್ಲಿ ಒಂದು ತಗಡಿನ ಶೆಡ್ಡು ಖಾಲಿಯಿತ್ತು. ಮಾಲೀಕ ಖಾದರ್ ಭಾಯ್ ನೇರ ಮಾತಿನ ಮನುಷ್ಯ. "ಭಾಬೀಜಿ, ತಿಂಗಳ ಮೊದಲ ತಾರೀಕಿನ ಸಂಜೆ ಬಾಡಿಗೆ ಬಂತೋ, ಶೆಡ್ಡು ನಿಮ್ಮದು. ಬರಲಿಲ್ಲವೋ, ರಾತ್ರಿಯೇ ನನ್ನ ತೊಗಲು ಒಳಗೆ ಬೀಳ್ತದೆ." ಪದ್ದಕ್ಕ ಅಲ್ಲಿ ಇಬ್ಬರು ಹೆಂಗಸರನ್ನು ಕುಟ್ಟಲಿಕ್ಕೆ ಕೂರಿಸಿದಳು.

ಅದೇ ಹೊತ್ತಿಗೆ ಅಪ್ಪ ತನ್ನ ಆಫೀಸಿನ ಕ್ಯಾಂಟೀನಿಗೆ ಅವಳ ಪುಡಿಯ ಒಂದು ಡಬ್ಬಿ ಒಯ್ದು ಕೊಟ್ಟ. ಆರ್ಡರ್ ಬಂತು, ಅದೂ ದೊಡ್ಡ ಆರ್ಡರು. ಒಂದೇ ಷರತ್ತು: ದುಡ್ಡು ಕೈಗೆ ಕೊಡುವುದಿಲ್ಲ, ಅಂಗಡಿಯ ಹೆಸರಿಗೆ ಚೆಕ್ಕು. ಅಂಗಡಿಗೆ ಹೆಸರೂ ಇರಲಿಲ್ಲ, ಬ್ಯಾಂಕಿನಲ್ಲಿ ಖಾತೆಯೂ ಇರಲಿಲ್ಲ.

"ಪದ್ಮಾವತಿ ಮಸಾಲೆ ಅಂತ ಇಡುವ" ಎಂದ ಅಪ್ಪ.

"ನನ್ನ ಹೆಸ್ರಾ? ಬೇಡ ಮಾರಾಯ. ಎಂತಾದ್ರೂ ಆದ್ರೆ?"

"ಹೆಸರಿಟ್ರೆ ಎಂತ ಆಗ್ತದೆ?"

ಅವಳು ತಿರುಗಿ ಮೆಣಸಿನ ತೊಟ್ಟು ಮುರಿಯತೊಡಗಿದಳಂತೆ. ಅಪ್ಪ ಅದನ್ನೇ ಒಪ್ಪಿಗೆ ಎಂದುಕೊಂಡು ರಬ್ಬರ್ ಸ್ಟಾಂಪ್ ಮಾಡಿಸಿಕೊಂಡು ಬಂದ. ನಮ್ಮ ಕರಾವಳಿಯವರಿಗೆ ಒಂದು ರೂಢಿ ಉಂಟು. ಕಾಗದ ಯಾವುದೇ ಇರಲಿ, ಮೇಲೆ ದೇವರು ಮೊದಲು. ಮದುವೆಯ ಕರೆಯೋಲೆಗೆ ದೇವರು, ಹೋಟೆಲಿನ ಬಿಲ್ಲಿಗೆ ದೇವರು, ಕಿರಾಣಿ ಚೀಟಿಗೂ ದೇವರು. ಸ್ಟಾಂಪಿನಲ್ಲೂ ಹಾಗೆಯೇ. ಮೇಲೆ ಕಮಾನಿನಂತೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಶ್ರೀ ದುರ್ಗಾ ಪ್ರಸನ್ನ. ಅದರ ಕೆಳಗೆ ಸಣ್ಣದಾಗಿ ಪದ್ಮಾವತಿ ಮಸಾಲೆ.

ಬ್ಯಾಂಕಿಗೆ ಹೋದ ದಿನ ಪದ್ದಕ್ಕ ಮದುವೆಯ ಸೀರೆ ಉಟ್ಟಿದ್ದಳು. ಹೊಸ ಖಾತೆಗೆ ಹಳೆಯ ಖಾತೆದಾರರೊಬ್ಬರು ಪರಿಚಯದ ಸಹಿ ಹಾಕಬೇಕಿತ್ತು. ಭಟ್ಟರಿಗೆ ಅಲ್ಲಿ ಖಾತೆಯಿತ್ತು, ಹಾಗಾಗಿ ಆ ಸಹಿ ಅವರದು. ಸಹಿ ಹಾಕಿ ಅವರು ಅದೇ ದಿನ ಊರಿಗೆ ಹೊರಟುಹೋದರು. ಕೌಂಟರಿನಲ್ಲಿ ಸಾಠೆ ಎಂಬ ಗುಮಾಸ್ತ.

"ಬಾಯಿ, ಸಹೀ ಯೇತೇ ಕಾ, ಕೀ ಅಂಗಠಾ?" ಎಂದು ಹೆಬ್ಬೆರಳು ತೋರಿಸಿದ.

"ಹೆಬ್ಬೆಟ್ಟು ಎಂತಕ್ಕೆ? ನಂಗೆ ಬೇರೆ ಬೆರಳು ಇಲ್ವಾ?" ಎಂದು ಪದ್ದಕ್ಕ ಕನ್ನಡದಲ್ಲೇ ಹೇಳಿ, ಕನ್ನಡದಲ್ಲೇ ಸಹಿ ಹಾಕಿದಳು. 'ಪ' ಎನ್ನುವುದು ಮೊಟ್ಟೆಯಿಟ್ಟ ಕೋಳಿಯ ಹಾಗೆ ಬಂತು. ಅಂಗಡಿಯ ಹೆಸರು ಬರೆಯಬೇಕಾದ ಕಡೆ ಅಪ್ಪ ಬರೆಯಲಿಲ್ಲ. ಹೊಸ ಸ್ಟಾಂಪು ಇದೆಯಲ್ಲ, ಠೀವಿಯಿಂದ ಅದನ್ನೇ ಒತ್ತಿದ.

ಸಾಠೆ ತಪ್ಪು ಮಾಡಿದ ಎಂದು ನಾನು ಹೇಳುವುದಿಲ್ಲ. ದಪ್ಪ ಅಕ್ಷರದಲ್ಲಿ ಇದ್ದದ್ದನ್ನು ಅಂಗಡಿಯ ಹೆಸರು ಎಂದುಕೊಂಡ, ಸಣ್ಣ ಅಕ್ಷರದಲ್ಲಿದ್ದದ್ದು ಮಾರುವ ಸಾಮಾನು ಎಂದುಕೊಂಡ. ಪಾಸ್‌ಬುಕ್ಕಿನ ಮೇಲೆ ಶ್ರೀ ದುರ್ಗಾ ಪ್ರಸನ್ನ ಎಂದು ಬರೆದುಕೊಟ್ಟ. ಅಪ್ಪ ಅದನ್ನು ಓದಿದ. ಓದಿಯೂ ಏನೂ ಅನಿಸಲಿಲ್ಲ! ಬ್ಯಾಂಕಿನವರಿಗೂ ಎಷ್ಟು ಭಕ್ತಿ, ಮೇಲೆ ದೇವರ ಹೆಸರು ಬರೆದಿದ್ದಾರೆ ಎಂದುಕೊಂಡನಂತೆ. ವಾಸಣ್ಣ ಪಾಸ್‌ಬುಕ್ಕನ್ನು ಕಣ್ಣಿಗೊತ್ತಿಕೊಂಡ. ಇಡೀ ಚಾಳಿನಲ್ಲಿ ನಮ್ಮವರು ಎಷ್ಟು ಮಂದಿ ನೋಡಿದರೋ, ಒಬ್ಬರಿಗೂ ಹೊಳೆಯಲಿಲ್ಲ.

ತಿಂಗಳು ಮುಗಿಯುತ್ತ ಬಂದಾಗ ಕ್ಯಾಂಟೀನಿನ ಚೆಕ್ಕು ಬಂತು, ಪದ್ಮಾವತಿ ಮಸಾಲೆ ಎಂಬ ಹೆಸರಿಗೆ. ಬ್ಯಾಂಕಿಗೆ ಕಟ್ಟಿದರು. ಮರುದಿನವೇ ವಾಪಸು. ಈ ಹೆಸರಿನ ಖಾತೆ ನಮ್ಮಲ್ಲಿಲ್ಲ.

ಪದ್ದಕ್ಕ ಆ ಸುದ್ದಿ ಕೇಳಿದ್ದು ಕೂತುಕೊಂಡೇ. ಮೆಣಸು, ಕೊತ್ತಂಬರಿ, ಕುಟ್ಟುವವರ ಕೂಲಿ ಎಂದು ಕೈಯಲ್ಲಿದ್ದದ್ದೆಲ್ಲ ಖರ್ಚಾಗಿತ್ತು. ಖಾದರ್ ಭಾಯಿಯ ತಾರೀಕು ಎದುರಿಗೇ ನಿಂತಿತ್ತು. ಶೆಡ್ಡು ಹೋದರೆ ಕುಟ್ಟಲಿಕ್ಕೆ ಜಾಗವಿಲ್ಲ. ಚಾಳಿಗೆ ಮೆಣಸು ತಂದರೆ ಖೋಲಿಯೂ ಇಲ್ಲ. ರಾತ್ರಿಯಿಡೀ ವಾಸಣ್ಣನ ಉಬ್ಬಸ ಕೇಳುತ್ತ ಕೂತಿದ್ದಳಂತೆ. ಬೆಳಗ್ಗೆ ಬ್ಯಾಂಕಿನ ಬಾಗಿಲು ತೆಗೆಯುವ ಮೊದಲೇ ಅಪ್ಪನನ್ನು ಎಳೆದುಕೊಂಡು ಹೋಗಿ ಮೆಟ್ಟಿಲ ಮೇಲೆ ನಿಂತಳು.

ಸಾಠೆ ಪುಸ್ತಕ ತಿರುವಿ ಹಾಕಿ, "ಯೇ ಖಾತಾ ತೋ ದುರ್ಗಾ ಪ್ರಸನ್ನ ಶೇಠ್ ಕಾ ಹೈ. ಶೇಠ್ ಕೋ ಬುಲಾವ್" ಎಂದ.

"ಎಂತ ಹೇಳ್ತಾನೆ ಇವ?"

"ದುರ್ಗಾ ಪ್ರಸನ್ನ ಶೇಠನ್ನು ಕರ್ಕೊಂಡು ಬರ್ಬೇಕಂತೆ" ಎಂದ ಅಪ್ಪ. ಮುಖದ ಬಣ್ಣ ಇಳಿದಿತ್ತು. ಅವನಿಗೆ ಆಗ ಅರ್ಥವಾಗಿತ್ತು.

"ಅಯ್ಯೋ ನನ್ನ ದೇವರೇ! ಅಮ್ಮನವರನ್ನು ಶೇಠ್ ಮಾಡಿದ್ರಾ?"

ಗಲಾಟೆ ಕೇಳಿ ಒಳಗಿನಿಂದ ಅಧಿಕಾರಿ ನರಸಿಂಹಯ್ಯ ಬಂದರು. ಮೈಸೂರಿನ ಕಡೆಯವರು, ಕೋಟು, ಕನ್ನಡಕ. ಖಾತೆಯ ಫಾರಂ ನೋಡಿದ ತಕ್ಷಣ ಅವರಿಗೆ ಎಲ್ಲ ತಿಳಿಯಿತು. ನಗು ನುಂಗಿಕೊಂಡರು.

"ನಮ್ ಕಡೇನೂ ಮೇಲೆ ದೇವರ ಹೆಸರು ಬರೀತೀವಮ್ಮ, ಇಲ್ಲ ಅಂತಲ್ಲ. ಆದ್ರೆ ಬ್ಯಾಂಕ್ ಫಾರಂ ಮೇಲೆ ಯಾರಾದ್ರೂ ಬರೀತಾರಾ? ಹೋಗ್ಲಿ ಬಿಡಿ. ಸುಲಭ ಇದೆ. ಈ ಮೇಲಿನ ಸಾಲಿನ ಮೇಲೆ ಒಂದು ಗೆರೆ ಎಳೀರಿ, ಪಕ್ಕದಲ್ಲಿ ಸಹಿ ಮಾಡಿ. ಖಾತೆ ಪದ್ಮಾವತಿ ಮಸಾಲೆ ಅಂತಾಗತ್ತೆ, ಚೆಕ್ ಇವತ್ತೇ ಕಳಿಸ್ತೀನಿ."

ಪೆನ್ನು ಅವಳ ಕೈಗೆ ಕೊಟ್ಟರು. ಅವಳು ಹಿಡಿದುಕೊಂಡಳು. ಎಳೆಯಲಿಲ್ಲ.

"ಎಳಿ ಪದ್ದಕ್ಕ."

"ಅಮ್ಮನವರ ಹೆಸ್ರಿನ ಮೇಲಾ?"

"ಅದು ಶಾಯಿ ಮಾರಾಯ್ತಿ! ರಬ್ಬರಿನ ಅಚ್ಚು! ಖಾದರ್ ಭಾಯಿಗೆ ಎಂತ ಹೇಳ್ತಿ? ವಾಸಣ್ಣನಿಗೆ ಎಂತ ಹೇಳ್ತಿ?" ಅಪ್ಪ ಕಿರುಚಿದನಂತೆ. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಪದ್ದಕ್ಕನ ಹಣೆಯಿಂದ ಬೆವರು ಇಳಿದು ಕುಂಕುಮ ಮೂಗಿನವರೆಗೆ ಬಂದಿತ್ತು.

"ಇನ್ನೊಂದು ಹೊಸ ಖಾತೆ ಆಗುದಿಲ್ವಾ ಸ್ವಾಮಿ?"

"ಆಗತ್ತೆ. ಪರಿಚಯ ಮಾಡ್ಸಿದ್ರಲ್ಲ ಭಟ್ಟರು, ಅವರನ್ನ ಕರ್ಕೊಂಡ್ಬನ್ನಿ."

ಭಟ್ಟರು ಇನ್ನೂ ಊರಿನಲ್ಲೇ. ಪದ್ದಕ್ಕ ಕಾಗದವನ್ನು ತನ್ನ ಕಡೆ ಎಳೆದುಕೊಂಡಳು. ಅಪ್ಪ ಉಸಿರು ಬಿಟ್ಟ. ಅವಳು ಮೇಲಿನ ಸಾಲು ಮುಟ್ಟಲಿಲ್ಲ. ಕೆಳಗಿನ ಸಣ್ಣ ಅಕ್ಷರದ ಪದ್ಮಾವತಿ ಮಸಾಲೆಯ ಮೇಲೆ ಸೀದಾ ಒಂದು ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿದಳು. ಈ ಸಲ 'ಪ' ಚೆನ್ನಾಗಿಯೇ ಬಂದಿತ್ತು.

"ಅಮ್ಮನವರದ್ದು ಇರ್ಲಿ. ನಂದು ತೆಗೀರಿ."

ನರಸಿಂಹಯ್ಯ ಕನ್ನಡಕ ತೆಗೆದು ಒರೆಸಿಕೊಂಡರು. "ಅಲ್ಲಮ್ಮ, ಹಾಗಾದ್ರೆ ಈ ಚೆಕ್ ನಡೆಯಲ್ಲ. ಚೆಕ್ ಕೊಟ್ಟೋರೇ ಹೆಸರು ತಿದ್ದಿ, ಪಕ್ಕದಲ್ಲಿ ಅವರೇ ಸಹಿ ಹಾಕ್ಬೇಕು. ಅವರು ಒಪ್ತಾರಾ?"

"ಒಪ್ಪದಿದ್ರೆ?" ಎಂದು ಅಪ್ಪ ಪದ್ದಕ್ಕನ ಮುಖ ನೋಡಿದ. ಯಾವಾಗಲೂ ಆ ಪ್ರಶ್ನೆ ಕೇಳುತ್ತಿದ್ದವಳು ಆವತ್ತು ಕೊಡೆ ಬಗಲಿಗೆ ಸಿಕ್ಕಿಸಿಕೊಂಡು ಹೊರಟೇಬಿಟ್ಟಳು.

ಫೋರ್ಟಿನ ಆಫೀಸಿನಲ್ಲಿ ಲೆಕ್ಕದ ಮುಖ್ಯಸ್ಥರು ಒಬ್ಬ ಪಾರ್ಸಿ ಮುದುಕರು. ಮಧ್ಯಾಹ್ನದವರೆಗೆ ಮೀಟಿಂಗು. ಪದ್ದಕ್ಕ ಹೊರಗಿನ ಬೆಂಚಿನ ತುದಿಯಲ್ಲಿ ಕೂತು ಸೆರಗಿನ ಅಂಚನ್ನು ಸುರುಳಿ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಪ್ಯೂನ್ ನೀರು ಕೊಟ್ಟರೂ ಕುಡಿಯಲಿಲ್ಲ. ಕೊನೆಗೆ ಒಳಗೆ ಕರೆದರು. ಅಪ್ಪ ತನ್ನ ಟೈಪಿಸ್ಟಿನ ಇಂಗ್ಲಿಷಿನಲ್ಲಿ ತಡವರಿಸುತ್ತ ಎಲ್ಲ ವಿವರಿಸಿದ. ಮುದುಕರು ಚೆಕ್ಕು ನೋಡಿದರು, ಅವಳನ್ನು ನೋಡಿದರು.

"ಬಾಯಿ, ತುಮಾರಾ ಪಾರ್ಟ್‌ನರ್ ಗಾಡ್ ಹೈ? ಅರೆ, ಫಿರ್ ಅಪುನ್ ಕೌನ್ ನಾ ಬೋಲ್ನೆವಾಲಾ?" ಎಂದು, ಬೇಡ ಎನ್ನಲಿಕ್ಕೆ ತಾನು ಯಾರು ಎಂಬಂತೆ ಕೈಯೆತ್ತಿ ನಕ್ಕು, ಹೆಸರು ತಿದ್ದಿ, ಪಕ್ಕದಲ್ಲಿ ಉದ್ದದ ಸಹಿ ಎಳೆದರು.

ಅಲ್ಲಿಗೆ ಮುಗಿಯಲಿಲ್ಲ. ಚೆಕ್ಕು ಪಾಸಾಗಬೇಕಲ್ಲ. ಒಂದನೇ ತಾರೀಕು ಪದ್ದಕ್ಕ ಬ್ಯಾಂಕಿನ ಬಾಗಿಲ ಬಳಿಯೇ ಕೂತಳು. ಕೌಂಟರ್ ಮುಚ್ಚುವ ಹೊತ್ತಿಗೆ ಸಾಠೆ ಕೈಬೀಸಿ, "ದುರ್ಗಾ ಪ್ರಸನ್ನ ಶೇಠ್! ಆ ಜಾವ್!" ಎಂದು ಕೂಗಿದ. ಅಲ್ಲಿಂದ ಸೀದಾ ಧಾರಾವಿ. ಇವರು ಮುಟ್ಟುವಾಗ ಶೆಡ್ಡಿನ ಬಾಗಿಲಲ್ಲಿ ತೊಗಲಿನ ಗಾಡಿ ಬಂದು ನಿಂತಿತ್ತು. ಖಾದರ್ ಭಾಯ್ ಬಾಡಿಗೆ ಎಣಿಸಿಕೊಂಡು, ಗಾಡಿಯವನಿಗೆ "ಚಲ್, ವಾಪಸ್ ಲೇ" ಎಂದ. ಅಪ್ಪ ಶೆಡ್ಡಿನ ಗೋಡೆಗೆ ಒರಗಿ ನಗುತ್ತಿದ್ದರೆ, ಪದ್ದಕ್ಕ ಗಾಡಿ ತಿರುವು ದಾಟಿ ಕಾಣದಾಗುವವರೆಗೂ ನೋಡುತ್ತ ನಿಂತಿದ್ದಳಂತೆ.

ದುರ್ಗಾ ಪ್ರಸನ್ನ ಪುಡಿ ಆಮೇಲೆ ಬಹಳ ವರ್ಷ ನಡೆಯಿತು. ವಾಸಣ್ಣ ಒಲೆ ಬಿಟ್ಟು ಮನೆಯಲ್ಲಿ ಕೂತು ಡಬ್ಬಿಗೆ ಚೀಟಿ ಅಂಟಿಸಿದ. ಹಪ್ಪಳ ಕರಿಯುವ ವಾಸನೆಗೂ ಕೆಮ್ಮುತ್ತಿದ್ದ ಆ ಮನುಷ್ಯ ಆ ದುಡ್ಡಿನ ಔಷಧಿಯಲ್ಲೇ ಇನ್ನೂ ಸಾಕಷ್ಟು ಕಾಲ ಬದುಕಿದ. ಅಪ್ಪನಂತೂ ಈ ಕಥೆಯನ್ನು ಮನೆಗೆ ಬಂದವರಿಗೆಲ್ಲ ಹೇಳಿದ. ಕಥೆಯ ಕೊನೆಗೆ ಯಾವಾಗಲೂ ತೊಡೆ ತಟ್ಟಿ ಹೇಳುತ್ತಿದ್ದ: "ಎಂಥ ಭಕ್ತಿ! ಎಂಥ ಧೈರ್ಯ!"

ಕೊನೆಯ ಸಲ ನಾನು ಪದ್ದಕ್ಕನನ್ನು ನೋಡಿದ್ದು ಮುಲುಂಡಿನಲ್ಲಿ, ಅವಳ ತಮ್ಮನ ಮಗಳ ಮನೆಯಲ್ಲಿ. ಹಾಸಿಗೆ ಹಿಡಿದಿದ್ದಳು. ನನಗೆ ಆಗ ಕೆಲಸ ಸಿಕ್ಕಿತ್ತು, ಮೊದಲ ಖಾತೆ ತೆರೆದಿದ್ದೆ. ಆ ಸುದ್ದಿ ಹೇಳಿ, "ನಿನ್ನ ಹಾಗೆ ಭಕ್ತಿ ನಂಗಿಲ್ಲ, ನನ್ನ ಹೆಸರೇ ಹಾಕಿದೆ" ಎಂದೆ.

ಅವಳು ಬೊಚ್ಚು ಬಾಯಿ ತೆರೆದು ನಕ್ಕಳು. "ಭಕ್ತಿಯಾ? ಯಾರು ಹೇಳಿದ್ದು, ನಿನ್ನಪ್ಪನಾ? ಅವನಿಗೆ ಎಂತ ಗೊತ್ತು? ಹೆದರಿಕೆ ಮಾರಾಯ್ತಿ, ಬರೀ ಹೆದರಿಕೆ. ಪುಡಿ ಹಾಳಾದ್ರೆ, ಅಂಗಡಿ ಮುಳುಗಿದ್ರೆ, ಪದ್ದಕ್ಕಂದು ಮುಳುಗಿತು ಅಂತ ಊರವರೆಲ್ಲ ಹೇಳ್ತಾರಲ್ಲ. ಅಮ್ಮನವರ ಹೆಸ್ರಿದ್ರೆ ಅವ್ರು ಸಹಿಸಿಕೊಳ್ತಾರೆ, ಅವ್ರಿಗೆ ಶಕ್ತಿ ಉಂಟು. ನಂಗೆ ಎಲ್ಲಿಂದ ಬರ್ಬೇಕು?" ಆಮೇಲೆ ನನ್ನ ಕೈ ಹಿಡಿದು, "ಅಪ್ಪನಿಗೆ ಹೇಳ್ಬೇಡ. ಪಾಪ, ಬೇಜಾರು ಮಾಡ್ಕೊಳ್ತಾನೆ" ಎಂದಳು.

ಅವಳು ಹೋದ ಮೇಲೆ ಹದಿಮೂರನೆಯ ದಿನಕ್ಕೆ ಎಲ್ಲರೂ ಸೇರಿದರು. ಊಟ ಆಯಿತು. ಅಪ್ಪ ಕಥೆ ಶುರುಮಾಡಿದ. ಪೆನ್ನು ಹಿಡಿದದ್ದು, ಗೆರೆ ಎಳೆಯದ್ದು, ಫೋರ್ಟಿಗೆ ಹೋದದ್ದು. ಹೆಂಗಸರು ಕಣ್ಣೊರೆಸಿಕೊಂಡರು. ಯಾರೋ, "ಅಂಥ ಗಟ್ಟಿಗಿತ್ತಿ ಇನ್ನು ಹುಟ್ಟುದಿಲ್ಲ" ಎಂದರು. ಎಲ್ಲರೂ ಹೌದು ಹೌದು ಎಂದರು. ನಾನು ಬಾಗಿಲ ಹತ್ತಿರ ಲೋಟ ಹಿಡಿದು ನಿಂತಿದ್ದೆ. ಆ ಕೋಣೆಯಲ್ಲಿ ಒಬ್ಬರಿಗೂ ಯಾವ ಹೆದರಿಕೆಯೂ ಇರಲಿಲ್ಲ; ಎಂತಾದ್ರೂ ಆದ್ರೆ ಎಂದು ಕೇಳುವವರೇ ಇರಲಿಲ್ಲ. ಪದ್ದಕ್ಕ ನಿಜವಾಗಿಯೂ ಹೋದಳು ಎಂದು ನನಗೆ ಗೊತ್ತಾದದ್ದು ಆಗ.