ಕಾಕು ನಿಲ್ಲಿಸಿದ ಆವಿಗೆ

ಮೊಮ್ಮಗಳ ಮದುವೆಗೆ ಐರಾಣಿ ಗಡಿಗೆಗಳು ರಟ್ಟಿನ ಡಬ್ಬಿಯಲ್ಲಿ ಬಂದವು. ಸುತ್ತ ಪ್ಲಾಸ್ಟಿಕ್ಕು, ಒಳಗೆ ಪೇಪರಿನ ಚೂರು, ಗಡಿಗೆಯ ಮೈಗೆಲ್ಲ ಹೊಳೆಯುವ ಆಯಿಲ್ ಪೇಂಟು. ಬೆಳಗಾವಿಯ ಹಿಂದವಾಡಿಯಲ್ಲಿರುವ ಮಗಳ ಮನೆಯ ಪಡಸಾಲೆಯಲ್ಲಿ ಕುಳಿತು ಒಂದನ್ನು ಎತ್ತಿ ಮೂಗಿಗೆ ಹಿಡಿದೆ. ಬಣ್ಣದಂಗಡಿಯ ವಾಸನೆ. ಮಣ್ಣಿನದೂ ಅಲ್ಲ, ಹೊಗೆಯದೂ ಅಲ್ಲ.

"ಅವ್ವಾ, ಮೂಸಿ ಏನ್ ನೋಡಾಕತ್ತಿ? ಅದೇನ್ ಮಾವಿನಹಣ್ಣೇನು?" ಎಂದಳು ಮಗಳು.

ಗಡಿಗೆಯನ್ನು ತಿರುಗಿ ಡಬ್ಬಿಯಲ್ಲಿ ಇಟ್ಟೆ. ಖಾನಾಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ, ಊರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಕುಂಬಾರಗಿತ್ತಿ ನೆನಪಾಗಿದ್ದಳು, ಆಕೆಯ ಮೇಲೆ ಸಿಟ್ಟೂ ಬಂದಿತ್ತು. ಸತ್ತವರ ಮೇಲೆ ಸಿಟ್ಟಾಗಬಾರದು ಎನ್ನುತ್ತಾರೆ. ನನಗೆ ಬರುತ್ತದೆ, ಏನು ಮಾಡಲಿ...

ಐರಾಣಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ ಮದುವೆಗೆ ಮುಂಚೆ ಬಾಜಾ ಹಚ್ಚಿಕೊಂಡು ಕುಂಬಾರರ ಮನೆಗೆ ಹೋಗುತ್ತಾರೆ. ಮಡಕೆ ಮಾಡುವ ತಿಗರಿಗೆ ಪೂಜೆ ಮಾಡಿ, ಆ ಮನೆಯ ಹೆಂಗಸಿಗೆ ಉಡಿ ತುಂಬಿ, ಸುಣ್ಣ ಕೆಮ್ಮಣ್ಣಿನಲ್ಲಿ ಚಿತ್ರ ಬರೆದ ಗಡಿಗೆಗಳನ್ನು ಮುತ್ತೈದೆಯರು ತಲೆಯ ಮೇಲೆ ಹೊತ್ತು ತರುತ್ತಾರೆ. ಅವೇ ಐರಾಣಿ. ಅಂಗಡಿಯಿಂದ ತರುವುದಲ್ಲ, ಕುಂಬಾರರ ಮನೆಯಿಂದಲೇ ತರಬೇಕು. ನಮ್ಮ ಲಿಂಗಾಯತರು, ಬಾಜುವಿನ ಜೈನರು, ಮರಾಠರು, ಎಲ್ಲರೂ ಕಾಕುವಿನ ಬಾಗಿಲಿಗೇ ಬರುತ್ತಿದ್ದರು.

ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಮುಂದಿನ ಕೋಣೆಯಲ್ಲಿ ಅವರ ಸಂಸಾರ, ಹಿಂದಿನ ಚಪ್ಪರದಲ್ಲಿ ತಿಗರಿ, ಅದರ ಹಿಂದೆ ಬಯಲಿನಲ್ಲಿ ಗಡಿಗೆ ಸುಡುವ ಆವಿಗೆ. ಹಸಿ ಗಡಿಗೆಗಳು ಮಂಚದ ಕೆಳಗೂ ಒಣಗುತ್ತಿದ್ದವು. ಮನೆ ಎಲ್ಲಿ ಮುಗಿಯಿತು, ಕಸುಬು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಬರುತ್ತಿರಲಿಲ್ಲ. ಗಂಡ ತಿಗರಿಯ ಮುಂದೆ ಕುಳಿತರೆ ಬಾಯಿ ಬಿಡುವವನಲ್ಲ. ಅವನ ಪಾಲಿನ ಮಾತನ್ನೂ ಕಾಕುವೇ ಆಡುತ್ತಿದ್ದಳು. ಆವಿಗೆ ಒಟ್ಟುವುದು, ಉರಿ ಹಚ್ಚುವುದು, ಯಾವಾಗ ತೆರೆಯಬೇಕೆಂದು ಹೇಳುವುದು ಎಲ್ಲಾ ಆಕೆಯದೇ. ದೊಡ್ಡ ದನಿ, ಅರ್ಧ ಕನ್ನಡ, ಅರ್ಧ ಮರಾಠಿ.

ನಮ್ಮಿಬ್ಬರದು ಗೆಳೆತನ ಎಂದರೆ ಸುಳ್ಳಾಗುತ್ತದೆ. ಆವಿಗೆ ಹಚ್ಚಿದ ದಿನ ನಾನು ಮಾಳಿಗೆಯ ಮೇಲೆ ಹಾಕಿದ ಸಂಡಿಗೆಯ ಮೇಲೆಲ್ಲ ಮಸಿ.

"ಕಾಕು, ನಿನ್ನ ಹೊಗಿ ನನ್ನ ಸಂಡಗಿ ಮ್ಯಾಲೆ ಯಾಕ ಬರತೈತಿ?" ಎಂದು ಗೋಡೆಯ ಮೇಲಿಂದ ಕೂಗುತ್ತಿದ್ದೆ.

"ಗಾಳಿ ನಾ ಬಿಟ್ಟೀನೇನ ತಂಗಿ? ಅದಕ್ಕಽ ಹೋಗಿ ಕೇಳ. ಹೆಂಗೂ ಕರದಾಗ ಕೆಂಪ ಆಗೂ ಸಂಡಗಿ, ಈಗ ಒಂದೀಟ ಕರ್ರಗಾದ್ರ ಏನಾತು?"

ಮರುದಿನ ನಮ್ಮ ಬಾಗಿಲಲ್ಲಿ ಒಂದು ಹೊಸ ನೀರಿನ ಹರವಿ ಇರುತ್ತಿತ್ತು. ಆಕೆ ಕೊಟ್ಟೆ ಅನ್ನುತ್ತಿರಲಿಲ್ಲ, ನಾನು ತಗೊಂಡೆ ಅನ್ನುತ್ತಿರಲಿಲ್ಲ.

ಆಮೇಲೆ ಆ ನಕ್ಷೆ ಬಂತು. ಊರು ಮುಂದೆ ಹೇಗೆ ಬೆಳೆಯಬೇಕು, ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ ಎಂದು ಬಣ್ಣ ತುಂಬಿ ಕಚೇರಿಯ ಗೋಡೆಗೆ ಹಾಕಿದ್ದರು. ಯಾವ ಕಚೇರಿ ಎಂದು ಬರೆಯುವುದಿಲ್ಲ. ಬರೆದರೆ ಅವರೂ ಒಂದು ಕಾಗದ ತಂದು ಮುಖಕ್ಕೆ ಹಿಡಿಯುತ್ತಾರೆ. ಓಣಿಯವರೆಲ್ಲ ನೋಡಲು ಹೋದೆವು. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು, ಕಾಕು ಶಾಲೆಯ ಕಟ್ಟೆಯನ್ನೂ ಹತ್ತಿದವಳಲ್ಲ. ಕೋಲು ಹಿಡಿದವನೊಬ್ಬ ತಿಳಿಸಿ ಹೇಳಿದ: ಹಳದಿ ಎಂದರೆ ಮನೆ, ನೀಲಿ ಎಂದರೆ ಅಂಗಡಿ, ನೇರಳೆ ಎಂದರೆ ಕಾರ್ಖಾನೆ. ನಮ್ಮ ಓಣಿ ಹಳದಿ, ಅದರ ಮೇಲೆ ನೇರಳೆ ಗೆರೆಗಳು. ಅಂದರೆ ಇಲ್ಲಿ ಮನೆಯೂ ಇರಬಹುದು, ಮನೆಯವರ ಕಸುಬೂ ಇರಬಹುದು.

"ಇದು ನಮ್ಮ ಓಣಿ? ಇಳಕಲ್ಲ ಸೀರಿ ದಡಿ ಹಂಗ ಐತಲ್ಲೋ!" ಎಂದಳು ಕಾಕು. ಬಂದ ದಾರಿಯುದ್ದಕ್ಕೂ ಅದನ್ನೇ ಹೇಳಿದಳು.

ಆ ಗೆರೆಗಳನ್ನು ನಂಬಿಯೇ ಆಕೆಗೆ ಧೈರ್ಯ ಬಂತು. ಹೊಗೆಗೆ ಆಕೆಯ ಕಣ್ಣಲ್ಲಿ ಸದಾ ನೀರು ಸುರಿಯುತ್ತಿತ್ತು, ಚಳಿಗಾಲದಲ್ಲಿ ಕೆಮ್ಮು ಬಿಡುತ್ತಿರಲಿಲ್ಲ. ಬಯಲ ಆವಿಗೆಯ ಬದಲು ಇಟ್ಟಂಗಿಯದೊಂದು ಮುಚ್ಚಿದ ಆವಿಗೆ, ಮೇಲೆ ಎತ್ತರದ ಹೊಗೆಗೊಳವೆ ಕಟ್ಟಿಸಬೇಕು ಎಂದು ಪರವಾನಗಿಗೆ ಅರ್ಜಿ ಹಾಕಿಸಿದಳು. ಒಳ್ಳೆಯದೇ ಆಯಿತು ಎಂದು ನಾನೂ ಅಂದೆ.

ಅರ್ಜಿಗೆ ಬಂದ ಉತ್ತರದಲ್ಲಿ ಹೊಸ ಆವಿಗೆಗೆ ಇಲ್ಲ ಎಂದಿತ್ತು. ಅಷ್ಟೇ ಅಲ್ಲ, ಇರುವ ಆವಿಗೆಯನ್ನೂ ನಿಲ್ಲಿಸಿ ಎಂದಿತ್ತು. ಅರ್ಜಿ ಹಾಕದಿದ್ದರೆ ಅವರಿಗೆ ಅಲ್ಲೊಂದು ಆವಿಗೆ ಇದೆ ಎಂಬುದೇ ಗೊತ್ತಾಗುತ್ತಿರಲಿಲ್ಲ.

ಕಾಕು ನನ್ನನ್ನು ಜೊತೆಗೆ ಕರೆದುಕೊಂಡು ಆ ಕಚೇರಿಗೆ ಹೋದಳು. ಸಾಹೇಬ ಚಿಕ್ಕ ವಯಸ್ಸಿನವನು, ಒಳ್ಳೆಯವನು. ಕುರ್ಚಿ ಹಾಕಿಸಿದ, ಚಹಾ ತರಿಸಿದ.

"ಕಾಕು, ನಕ್ಷಿ ಖರೇನ ಐತ್ರಿ. ಆದ್ರ ನಕ್ಷಿ ಬ್ಯಾರೆ, ನಿಯಮ ಬ್ಯಾರೆ. ಯಾವ ಓಣ್ಯಾಗ ಏನ ಮಾಡಬಹುದು ಅನ್ನೂ ನಿಯಮ ಹಳೇದು ಐತಿ. ಅದರಾಗ ನಿಮ್ಮ ಓಣಿ ಬರೇ ಮನಿಗಳದು. ನಾವು ನಿಯಮಾನಽ ನೋಡಬೇಕಾಗತೈತ್ರಿ."

"ಮತ್ತ ನಕ್ಷಿ ಯಾಕ ಗ್ವಾಡಿಗೆ ಹಾಕೀರಿ? ಚೆಂದ ಕಾಣ್ಲಿ ಅಂತೇನು?" ಎಂದೆ ನಾನು.

"ನಕ್ಷಿಗೆ ತಕ್ಕಂಗ ನಿಯಮ ಬದಲ ಆಗತಾವ್ರಿ. ಮ್ಯಾಲಿಂದ ಬರಬೇಕು."

"ಹೊಸಾ ಅಳತಿ ತಗೊಂಡು ಹಳೇ ಅಳತಿಗೆ ಕುಬಸಾ ಹೊಲದಂಗ ಆತಲ್ರಿ ಇದು. ತೊಟ್ಟಕೊಳ್ಳಾಕಿ ಏನ್ ಮಾಡಬೇಕು?"

ಸಾಹೇಬ ನಕ್ಕ. ಕಾಕು ನನ್ನ ಕಾಲು ತುಳಿದಳು. ಆಕೆ ಕೇಳಿದ್ದು ಒಂದೇ ಮಾತು: "ನಿಯಮ ಬಂದ ಮ್ಯಾಲೆ ನನಗ ಕೊಡ್ತೀರಿಲ್ರಿ, ಸಾಹೇಬ್ರ?"

"ಯಾಕಿಲ್ರಿ ಕಾಕು. ಮೊದಲ ನಿಮಗನ ಕೊಡೂಣಂತ. ಅಲ್ಲೀತನಾ ಬಂದ್ ಇಡ್ರಿ."

ನಾನು ದಾರಿಯಲ್ಲೇ ಹೇಳಿದೆ: "ಹಚ್ಚ ನೀನು. ಯಾರ ಬಂದು ನೋಡ್ತಾರ? ಹೊಳಿ ದಂಡ್ಯಾಗಿನವ ಹಚ್ಚೂದಿಲ್ಲೇನ?" ಹೊಳೆಯ ದಂಡೆಯಲ್ಲಿ ಇನ್ನೊಬ್ಬ ಕುಂಬಾರನಿದ್ದ. ಅವನ ಓಣಿಗೂ ಇದೇ ಬಣ್ಣ, ಇದೇ ಹಳೆಯ ನಿಯಮ. ಅವನು ಅರ್ಜಿಯನ್ನೇ ಹಾಕಿರಲಿಲ್ಲ.

"ಬ್ಯಾಡ ತಂಗಿ. ಆ ಪೋರ ಸಾಹೇಬ ಬಾಯಿಬಿಟ್ಟ ಹೇಳ್ಯಾನ. ನಾ ಹಚ್ಚಿದ್ರ ನಾಳೆ ಅವನ ನೌಕರಿಗೆ ಬರತೈತಿ."

ಊರನ್ನೆಲ್ಲ ಬೈದು ಬಾಳಿದ ಹೆಂಗಸು, ಒಂದು ಕಪ್ಪು ಚಹಾ ಕೊಟ್ಟವನ ನೌಕರಿಯ ಚಿಂತೆ ಮಾಡಿದಳು. ಇಂಥವರಿಗೆ ಏನು ಹೇಳಬೇಕು?

ಆವಿಗೆ ಆರಿತು. ಕಾರ್ಖಾನೆಗಳ ಜಾಗದಲ್ಲಿ ಸುಡಬಹುದು ಎಂದರಂತೆ. ಬೆಳಗಾವಿ ರಸ್ತೆಯಲ್ಲಿ ಒಂದು ಇಟ್ಟಂಗಿ ಫ್ಯಾಕ್ಟರಿಯ ಹಿಂದೆ ಮೂಲೆಯೊಂದನ್ನು ಬಾಡಿಗೆಗೆ ಹಿಡಿದಳು. ಆದರೆ ಹಸಿ ಗಡಿಗೆ ಪ್ರವಾಸ ಮಾಡುವ ಸಾಮಾನಲ್ಲ. ಹುಲ್ಲು ಹಾಸಿ, ಗೋಣಿಚೀಲ ಹೊದಿಸಿ ಟೆಂಪೊದಲ್ಲಿ ಒಯ್ದರೂ ನಮ್ಮ ರಸ್ತೆಯ ಕುಣಿಗಳಿಗೆ ಅರ್ಧ ಒಡೆಯುತ್ತಿದ್ದವು. ಉಳಿದ ಅರ್ಧ ಸುಡುವಾಗ ಬಿರಿಯುತ್ತಿದ್ದವು.

ಅದೇ ದಿನಗಳಲ್ಲಿ ಬೀಡಿ ಎಂಬ ಊರಿನಿಂದ ಒಂದು ಮದುವೆಯವರು ಐರಾಣಿಗೆ ಬಂದರು. ಕಾಕು ಗಡಿಗೆ ತರಲು ಹೋದವಳು ಹೊತ್ತಾದರೂ ಬಂದಿರಲಿಲ್ಲ. ಕಾದು ಬೇಸತ್ತು ಬಾಜಾದವರ ಸಮೇತ ಅಲ್ಲಿಗೇ ನಡೆದರು. ದಾರಿ ತೋರಿಸಲು ನಾನು ಹೋದೆ. ಗೇಟಿನಲ್ಲಿ ಕಾವಲುಗಾರ ತಡೆದ.

"ಯಾರ ಮಾಲ್ರಿ? ಗೇಟ್ ಪಾಸ್ ಎಲ್ಲೈತಿ?"

"ಏನಂದಿ? ಐರಾಣಿಗೆ ಗೇಟ್ ಪಾಸಾ?" ಎಂದಳು ಮದುವೆಯವರ ಪೈಕಿ ಒಬ್ಬ ಮುದುಕಿ. "ನಿನ್ನ ಮದವ್ಯಾಗ ನಿಮ್ಮವ್ವ ಪಾಸ್ ಕೊಟ್ಟಿದ್ಲೇನಲೇ?"

ಬಾಜಾದವರು ನಗುತ್ತ ಇನ್ನೂ ಜೋರಾಗಿ ಬಾರಿಸಿದರು. ಕಾಕು ಒಳಗಿನಿಂದ ಬೂದಿ ಮೆತ್ತಿದ ಮುಖದಲ್ಲಿ ಓಡಿ ಬಂದು, "ಇಲ್ಲೇ ತಗೊಂಡ ಹೋಗ್ರಿ, ಹೊತ್ತ ಮೀರತೈತಿ" ಎಂದು ಗಡಿಗೆ ಚಾಚಿದಳು. ಹೆಂಗಸರು ಯಾರೂ ಕೈ ಮುಂದೆ ಮಾಡಲಿಲ್ಲ. ಐರಾಣಿ ಕುಂಬಾರರ ಮನೆಯಿಂದ ಬರಬೇಕು, ಫ್ಯಾಕ್ಟರಿಯಿಂದ ತಗೊಂಡರೆ ಹೇಗೆ ಎಂದು ಆ ಮುದುಕಿಯೇ ಮೆಲ್ಲಗೆ ಅಂದಳು. ಕೊನೆಗೆ ಗಡಿಗೆಗಳನ್ನು ಟೆಂಪೊದಲ್ಲಿ ಹಾಕಿಕೊಂಡು, ಹಿಂದೆ ಬಾಜಾ ಬಾರಿಸಿಕೊಂಡು ಎಲ್ಲರೂ ಓಣಿಗೆ ಬಂದೆವು. ಕಾಕು ಗಡಿಗೆಗಳನ್ನು ತಿಗರಿಯ ಮುಂದೆ ಇಳಿಸಿ, ಆಮೇಲೆ ಅಲ್ಲಿಂದ ಎತ್ತಿ ಕೊಟ್ಟಳು. ನನಗೆ ನಗು ಬಂತು. ಆಕೆಗೆ ಬರಲಿಲ್ಲ. ಮತ್ತೆ ಆ ಜಾಗಕ್ಕೆ ಆಕೆ ಹೋಗಲಿಲ್ಲ.

ಕಾಯುವುದು ಶುರುವಾಯಿತು. ಒಮ್ಮೆ ಸಭೆ ಆಗಬೇಕು ಅಂದರು. ಒಮ್ಮೆ ಚುನಾವಣೆ ಬಂತು ಅಂದರು. ಒಮ್ಮೆ ಕರಡು ತಯಾರಾಗಿದೆ, ಜನರ ಆಕ್ಷೇಪಣೆ ಕೇಳಬೇಕು ಅಂದರು. ಕಾಕು ಪ್ರತಿ ಸಲ ತೊಳೆದ ಸೀರೆ ಉಟ್ಟು ಹೋಗುತ್ತಿದ್ದಳು, ಪ್ರತಿ ಸಲ ಬಂದು "ಬರತೈತಂತ" ಎನ್ನುತ್ತಿದ್ದಳು. ಆ ಚಹಾದ ಸಾಹೇಬನಿಗೆ ವರ್ಗವಾಯಿತು. ಅವನ ನೌಕರಿಗೆ ಏನೂ ಆಗಲಿಲ್ಲ ಎನ್ನುವುದೊಂದು ಸಮಾಧಾನ ಆಕೆಗೆ. ಹಿತ್ತಲ ಆವಿಗೆಯ ಕುಣಿಯಲ್ಲಿ ಹುಲ್ಲು ಬೆಳೆಯಿತು. ನಾನು ಗೋಡೆಯ ಮೇಲಿಂದ ನೋಡಿ ಬೈಯುತ್ತಿದ್ದೆ, ಆಕೆ ತಿರುಗಿ ಬೈಯುವುದನ್ನು ಬಿಟ್ಟಿದ್ದಳು...

ಕಡೆಗೂ ನಿಯಮ ಬಂತು. ನಕ್ಷೆಗೆ ಸರಿಯಾಗಿ ಬಂತು. ನಮ್ಮ ಓಣಿಯಲ್ಲಿ ಮನೆಯೂ ಇರಬಹುದು, ಕಸುಬೂ ಇರಬಹುದು, ಆವಿಗೆಯೂ ಇರಬಹುದು. ಕಾಕು ನನ್ನನ್ನು ಎಳೆದುಕೊಂಡು ಹೋದಳು. ಹೊಸ ಸಾಹೇಬ ಕಾಗದ ತಿರುವಿದ.

"ಮೊದಲಿಂದ ಇದ್ದ ಆವಿಗಿಗೆ ಅಡ್ಡಿ ಇಲ್ರಿ. ಆದ್ರ ಅದು ನಡುವ ನಿಲ್ಲದಂಗ ನಡಕೋತ ಬಂದಿರಬೇಕು. ನಿಮ್ಮದು ನಿಂತೈತಲ್ರಿ."

"ನಿಲ್ಲಸ್ರಿ ಅಂದವರ ನೀವ. ಯಾಕ ನಿಂತೈತಿ ಅಂತ ಕೇಳವರೂ ನೀವ?" ನಾನು ಕೂಗಿದೆ. ಹೊರಗಿನ ಬೆಂಚಿನವರು ಇಣುಕಿ ನೋಡಿದರು.

"ಆವಾಗ ನಾ ಇಲ್ಲಿ ಇರಲಿಲ್ರಿ, ಅಜ್ಜಿ."

ಹೊಸದಾಗಿ ಕಟ್ಟುತ್ತೇವೆ ಎಂದೆವು. ಹೊಸದಕ್ಕೆ ರಸ್ತೆ ಅಗಲ ಇರಬೇಕಂತೆ, ನಮ್ಮ ಓಣಿಯಲ್ಲಿ ಎರಡು ಎತ್ತಿನ ಗಾಡಿ ಎದುರಾದರೆ ಒಂದು ಹಿಂದೆ ಸರಿಯಬೇಕು. ಹೊಳೆ ದಂಡೆಯ ಕುಂಬಾರನಿಗೆ ಮಾತ್ರ ಪರವಾನಗಿ ಸಿಕ್ಕಿತ್ತು. ಅವನದು ಒಂದು ದಿನವೂ ನಿಂತಿರಲಿಲ್ಲ.

ಕಾಕು ಎದ್ದು ನಿಂತು ಸಾಹೇಬನನ್ನು ಕೇಳಿದಳು. ದನಿ ಏರಿಸಲಿಲ್ಲ. ಆಕೆ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

"ಹಂಗಾರ ನಿಮ್ಮ ಮಾತ ಕೇಳಿದ್ದ ನಂದ ತಪ್ಪಾತೇನ್ರಿ?"

"ತಪ್ಪಲ್ರಿ ಕಾಕು... ನಿಯಮದಾಗ ಹಂಗ ಐತ್ರಿ."

ಆಮೇಲಿನದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಮದುವೆಯವರು ಮೊದಲಿನಂತೆಯೇ ಬಾಜಾ ಹಚ್ಚಿಕೊಂಡು ಕಾಕುವಿನ ಮನೆಗೆ ಬರುತ್ತಿದ್ದರು. ಆಕೆ ಹಿಂದಿನ ದಿನ ಹೊಳೆ ದಂಡೆಯವನಿಂದ ಗಡಿಗೆ ಕೊಂಡು ತಂದು, ಗಂಡ ಸುಮ್ಮನೆ ಕುಳಿತಿರುತ್ತಿದ್ದ ತಿಗರಿಯ ಬಾಜುವಿಗೆ ಜೋಡಿಸಿ, ತನ್ನ ಕೈಯಾರೆ ಸುಣ್ಣದ ಗೆರೆ ಎಳೆದು ಇಟ್ಟಿರುತ್ತಿದ್ದಳು. ಉಡಿ ತುಂಬಿಸಿಕೊಂಡು, ನಗುತ್ತ ಎತ್ತಿ ಕೊಡುತ್ತಿದ್ದಳು. ಕುಂಬಾರರ ಮನೆಗೆ ಗಡಿಗೆ ಕೊಂಡು ತರುವುದು!

ಒಂದು ದಿನ ನಾನು ನೋಡಿಬಿಟ್ಟೆ. ಆಕೆ ನಾಚಲಿಲ್ಲ. ಒಂದು ಗಡಿಗೆಯನ್ನು ಬೆರಳಿನಿಂದ ತಟ್ಟಿ, "ಎಷ್ಟ ದಪ್ಪ ಮಾಡ್ಯಾನ ನೋಡ ಭಾಡ್ಯಾ. ನಾಯಿಗೆ ನೀರ ಇಡೂ ಪರಿಯಾಣ ಹಂಗ ಐತಿ" ಎಂದಳು. ನಾನು ಏನೋ ಹೇಳಬೇಕೆಂದು ಬಾಯಿ ತೆರೆದೆ. "ಅಸೂ ದೇ, ಬಿಡ" ಎಂದು, ಇರಲಿ ಎನ್ನುವುದನ್ನೇ ಮರಾಠಿಯಲ್ಲೊಮ್ಮೆ ಕನ್ನಡದಲ್ಲೊಮ್ಮೆ ಹೇಳಿ, ಕುಂಚ ಎತ್ತಿಕೊಂಡಳು.

ಒಂದು ಮಳೆಗಾಲದಲ್ಲಿ ಕೆಮ್ಮು ಹೆಚ್ಚಾಗಿ ಹೋದಳು. ಆ ಹೊತ್ತಿಗೆ ಹಿತ್ತಲಲ್ಲಿ ಹೊಗೆ ಎದ್ದು ಎಷ್ಟೋ ವರ್ಷಗಳಾಗಿದ್ದವು. ಆಕೆಯ ಮಗ ಹಿತ್ತಲನ್ನು ಸಮ ಮಾಡಿಸಿ ಕಾರು ನಿಲ್ಲಿಸಲು ಬಾಡಿಗೆಗೆ ಕೊಟ್ಟ. ಅದಕ್ಕೆ ಯಾವ ಪರವಾನಗಿಯನ್ನೂ ಯಾರೂ ಕೇಳಲಿಲ್ಲ.

ಮೊಮ್ಮಗಳ ಮದುವೆ ಆಯಿತು. ಊಟ ಚೆನ್ನಾಗಿತ್ತು ಎಂದರು. ಈಗ ಈ ಹಿಂದವಾಡಿಯ ಕಡೆಯೂ ಹೊಸ ನಕ್ಷೆಯ ಮಾತು ನಡೆದಿದೆ. ಮಗಳ ಮನೆಯ ಮೂಲೆಯಲ್ಲಿ ಇಸ್ತ್ರಿಯವನೊಬ್ಬನಿದ್ದಾನೆ, ತನ್ನ ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ. ಮೊನ್ನೆ ಬಟ್ಟೆ ಕೊಡಲು ಬಂದವನು ನಿಂತ.

"ಅಜ್ಜೀ, ಹೊಸಾ ನಿಯಮ ಬರೂತನಾ ಅಂಗಡಿ ಬಂದ್ ಇಡು ಅಂತಾರ. ಆಮ್ಯಾಲೆ ಕೊಡ್ತಾರಂತ. ಹೇಳಿದ ಮನಶಾ ಛಲೋ ಅದಾನ್ರಿ."

"ಮನಶಾ ಛಲೋನ ಇರತಾನಪಾ. ನಾಳೆ ಆ ಕುರ್ಚಿ ಮ್ಯಾಲೆ ಅವ ಇರೂದಿಲ್ಲ. ಅರ್ಜಿ ಕೊಡು, ಅಂಗಡಿ ಮಾತ್ರ ಮುಚ್ಚಬ್ಯಾಡ."

ಅವನು ತಲೆ ಕೆರೆದುಕೊಂಡ. "ಆಮ್ಯಾಲೆ ಕೊಡ್ತೀವಿ ಅಂತ ಬರದ ಕೊಟ್ಟಾರ್ರಿ..." ಎಂದ.

ಇವತ್ತು ಬೆಳಿಗ್ಗೆ ಹಾಲು ತರಲು ಹೋದಾಗ ನೋಡಿದೆ. ಅವನ ಅಂಗಡಿಯ ಮುಚ್ಚಿದ ಬಾಗಿಲಿಗೆ ಒಂದು ಚೀಟಿ ಅಂಟಿಸಿತ್ತು. ಓದಲು ನಾನು ನಿಲ್ಲಲಿಲ್ಲ. ಕಾಕು ಇದ್ದಿದ್ದರೆ ಅವನ ಪರ ಮಾತಾಡುತ್ತಿದ್ದಳು, ನಾನು ಇಬ್ಬರನ್ನೂ ಸೇರಿಸಿ ಬೈಯುತ್ತಿದ್ದೆ. ಆಕೆ ಇಲ್ಲ. ದಾರಿಯುದ್ದಕ್ಕೂ ಒಬ್ಬಳೇ ಬೈದುಕೊಂಡು ಮನೆಗೆ ಬಂದೆ.