ಅಮ್ಮ ಕೂಗುತ್ತಿದ್ದ ಹಾಜರಿ

ಭಯಂಕರ ಭವಿಷ್ಯವನ್ನು ಚಿತ್ರಿಸುವ ಕಾದಂಬರಿಗಳನ್ನು ಓದಿ ಬೆಚ್ಚಿಬೀಳುವ ಭಾಗ್ಯ ನನಗಿಲ್ಲ. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿದ್ದಾಗ ಅಂಥವು ಒಂದೆರಡು ಕೈಗೆ ಸಿಕ್ಕಿದ್ದವು. ಎಲ್ಲದರಲ್ಲೂ ಒಬ್ಬ ಸರ್ವಾಧಿಕಾರಿ. ಬೇಡದ ಮಾತುಗಳನ್ನು ಜನರ ಬಾಯಿಂದ ಕೀಳುತ್ತಾನೆ, ಬೇಡದ ಮನುಷ್ಯರು ಹುಟ್ಟೇ ಇರಲಿಲ್ಲವೆಂದು ದಿನವೂ ಧ್ವನಿವರ್ಧಕದಲ್ಲಿ ಸಾರಿಸುತ್ತಾನೆ. ಇಷ್ಟಕ್ಕೆ ಅವನಿಗೆ ಪೊಲೀಸರು, ಗೂಢಚಾರರು, ಕಟ್ಟಡದ ತುಂಬ ನೌಕರರು ಬೇಕು. ಗೆಳೆಯರು ಓದಿ ನಡುಗಿದರು. ನನಗೆ ಮಾತ್ರ, ಪಾಪ, ಎಂಥ ದುಂದುಗಾರ ಅನ್ನಿಸಿತು. ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಅಪ್ಪ ಒಬ್ಬರೇ, ಒಂದು ಬೆತ್ತದ ಕುರ್ಚಿಯಲ್ಲಿ ಕೂತು, ಅಷ್ಟೂ ಕೆಲಸ ಮುಗಿಸಿದ್ದರು.

ಅಪ್ಪ ಗುಮಾಸ್ತರು. ಸಾರಿಗೆ ಉಪ್ಪು ಕಡಿಮೆಯಾದರೂ ಕಚೇರಿಯ ಜ್ಞಾಪನದ ಧಾಟಿಯಲ್ಲೇ ತಿಳಿಸುವವರು. ನಾಲ್ವರು ಮಕ್ಕಳಲ್ಲಿ ಹಿರಿಯಳಾದ ರತ್ನಕ್ಕ ಎಂಬತ್ತರ ದಶಕದಲ್ಲಿ ಬೇರೆ ಜಾತಿಯವನನ್ನು ಮೆಚ್ಚಿ ಮದುವೆಯಾಗಿ ಗೌರಿಬಿದನೂರಿಗೆ ಹೋದಳು. ಆ ಸಂಜೆ ಅಪ್ಪ ನಮ್ಮನ್ನೆಲ್ಲ ಎದುರಿಗೆ ನಿಲ್ಲಿಸಿಕೊಂಡರು. "ಇನ್ಮೇಲೆ ಆ ಹೆಸರು ಈ ಮನೇಲಿ ಕೇಳಿಸಬಾರದು. ಯಾರಾದ್ರೂ ಕೇಳಿದ್ರೆ ನಮಗೆ ಮೂರೇ ಮಕ್ಕಳು."

ಮೊದಮೊದಲು ಬಾಯಿಗೆ 'ನಾಲ್ಕು' ಎಂದೇ ಬಂದು, 'ಮೂರೇ' ಎಂದು ತಿದ್ದಿಕೊಳ್ಳುತ್ತಿದ್ದೆವು. ಹೇಳಿ ಹೇಳಿ ನಾಲಿಗೆ ಪಳಗಿತು. ಪ್ರಚಾರದ ಗುಟ್ಟೇ ಅದು ಎಂದು ಕಾಣುತ್ತದೆ: ಕೇಳುವವರು ನಂಬುವ ಮೊದಲು ಹೇಳುವವರೇ ನಂಬಿಬಿಡುತ್ತಾರೆ. ಅಕ್ಕನ ಹೆಸರಿನ ಹಿಂದೆ ಅವಳ ಊರಿನ ಹೆಸರೂ ಹೋಯಿತು. ಗೌರಿಬಿದನೂರು ನಮ್ಮಲ್ಲಿ 'ಆ ಕಡೆ' ಆಯಿತು. ದಾರಿಯಲ್ಲಿರುವ ತಪ್ಪಿಗೆ ಮಂಚೇನಹಳ್ಳಿಯೂ 'ಆ ಕಡೆ'ಗೇ ಸೇರಿತು. ಅಲ್ಲಿ ಮದುವೆಯಿದ್ದ ನೆಂಟರೊಬ್ಬರು ಊರಿನ ಹೆಸರು ಹೇಳದೆ ನಮ್ಮನ್ನು ಕರೆಯಲು ಪಟ್ಟ ಪಾಡು ನೆನೆದರೆ ಈಗಲೂ ನಗು ಬರುತ್ತದೆ.

ಆಜ್ಞೆಗೆ ಜಗ್ಗದವಳು ಒಬ್ಬಳೇ, ಚಿಂತಾಮಣಿ ಕಡೆಯಿಂದ ಬಂದ ನಮ್ಮಜ್ಜಿ. "ಪೆದ್ದಪಾಪ ಎಟ್ಲುಂದೋ ಏಮೋ," ದೊಡ್ಡ ಹುಡುಗಿ ಹೇಗಿದ್ದಾಳೋ ಏನೋ ಎಂದು ತೆಲುಗಿನಲ್ಲಿ ನಿಟ್ಟುಸಿರಿಡುತ್ತಿದ್ದಳು. ಆಜ್ಞೆ ಹೊರಟಿದ್ದು ಕನ್ನಡದಲ್ಲಿ, ತನಗದು ತಾಗುವುದಿಲ್ಲ ಎಂಬುದು ಅವಳ ವಾದ. ಅಪ್ಪ ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿಯುತ್ತಿದ್ದರು. ಅಜ್ಜಿ ತೀರಿಕೊಂಡ ಮೇಲೆ ಆ ತೆಲುಗೂ ನಿಂತಿತು.

ಸಿಕ್ಕಿಬಿದ್ದವಳು ಅಮ್ಮ. ತುಂಬ ಮಕ್ಕಳ ತಾಯಂದಿರು ಒಬ್ಬರನ್ನು ಕರೆಯಲು ಹೋಗಿ ಎಲ್ಲರ ಹೆಸರನ್ನೂ ಕೂಗುತ್ತಾರಲ್ಲ, ನಮ್ಮಮ್ಮನಿಗೂ ಅದೇ ಅಭ್ಯಾಸ. ನನ್ನನ್ನು ಕರೆಯಬೇಕಾದರೆ "ರತ್ನಾ, ಮಂಜೂ, ಶಾರದಾ, ಗೋಪೀ" ಎಂದು ಹಾಜರಿ ಕೂಗಿಯೇ ಕೊನೆಯವನಾದ ನನ್ನ ಬಳಿಗೆ ಬರುತ್ತಿದ್ದಳು. ಹಾಜರಿ ಶುರುವಾಗುತ್ತಿದ್ದದ್ದೇ ರತ್ನಕ್ಕನ ಹೆಸರಿನಿಂದ. ಈಗ ಮೊದಲ ಮೆಟ್ಟಿಲೇ ಇಲ್ಲ. ಅಮ್ಮ ಬಾಯಿ ತೆರೆಯುವಳು, ಹಾಗೇ ಮುಚ್ಚುವಳು. ಬರಬರುತ್ತ ನಮ್ಮ ಯಾರ ಹೆಸರನ್ನೂ ಹಿಡಿದು ಕರೆಯುವುದನ್ನೇ ಬಿಟ್ಟಳು. "ಇಲ್ ಬಾರಪ್ಪ," "ತಗೊಳಮ್ಮ," ಅಷ್ಟೇ. ಸೊಪ್ಪು ಮಾರುವವಳಿಗೂ ಅದೇ, ನಮಗೂ ಅದೇ. ಒಂದು ಹೆಸರು ಕಿತ್ತುಕೊಂಡರೆ ನಾಲ್ಕೂ ಹೋಗುತ್ತವೆಂದು ಅಪ್ಪನಿಗೂ ತಿಳಿದಿರಲಿಲ್ಲ.

ಅಪ್ಪನನ್ನು ದ್ವೇಷಿಸೋಣವೆಂದರೆ ಅದಕ್ಕೂ ಅವರು ಬಿಡಲಿಲ್ಲ. ಒಮ್ಮೆ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ದೂರದಿಂದ ನೋಡಿದೆ. ಗೌರಿಬಿದನೂರಿನ ಬಸ್ಸಿನ ಎದುರು ನಿಂತು ಅದರ ಬೋರ್ಡನ್ನೇ ಓದುತ್ತಿದ್ದರು. ಬಸ್ಸು ಹೊರಟುಹೋದ ಮೇಲೂ ಅಲ್ಲೇ ನಿಂತಿದ್ದರು. ನಾನು ಮಾತಾಡಿಸದೆ ಬಂದೆ.

ತೊಂಬತ್ತರ ದಶಕದಲ್ಲಿ ಅಪ್ಪ ಹೋದರು. ಸುದ್ದಿ ತಿಳಿದು ಅಕ್ಕ ಬಂದಳು, ಕೂದಲು ಅಲ್ಲಲ್ಲಿ ನೆರೆತಿತ್ತು. ಅಮ್ಮ ಅವಳನ್ನು ದಿಟ್ಟಿಸಿ "ಬಾರಮ್ಮ" ಎಂದಳು.

"ಹೆಸರು ಹಿಡಿದು ಕರಿಯಮ್ಮ," ಎಂದಳು ಅಕ್ಕ.

ಅಮ್ಮನ ತುಟಿ ಅಲುಗಿತು. ಕಣ್ಣು ಮಾತ್ರ ಬೆತ್ತದ ಕುರ್ಚಿಯ ಕಡೆ ಹೋಯಿತು. ಕುರ್ಚಿ ಖಾಲಿಯಿತ್ತು. ಆಳುವವನು ಸತ್ತ ಮೇಲೂ ಅಪ್ಪಣೆಗಾಗಿ ಅತ್ತ ತಿರುಗುವ ಅಂಥ ಕಣ್ಣನ್ನು ನಾನು ಯಾವ ಕಾದಂಬರಿಯಲ್ಲೂ ಕಂಡಿರಲಿಲ್ಲ. ಅಪ್ಪ ಹೋದಾಗ ಬಾರದ ಅಳು ನನಗೆ ಆಗ ಬಂತು.

ಕೊನೆಗೆ ಅಮ್ಮ ಹಾಜರಿಯನ್ನು ಹಿಂದಿನಿಂದ ಹಿಡಿದಳು. "ಗೋಪೀ..." ಎಂದಳು. ಆಮೇಲೆ "ಶಾರದಾ..." ಎಂದಳು. "ಮಂಜೂ..." ಎಂದವಳು ಅಲ್ಲೇ ನಿಂತಳು. ಎಷ್ಟೋ ವರ್ಷಗಳ ಮೇಲೆ ಅವಳ ಬಾಯಲ್ಲಿ ನಮ್ಮ ಹೆಸರು ಕೇಳಿ ನಾವು ಮೂವರೂ ಅವಳ ಹತ್ತಿರ ಬಂದು ನಿಂತಿದ್ದೆವು.

ರತ್ನಕ್ಕ ಅಮ್ಮನ ಕೈ ಹಿಡಿದು ಹೊಸ್ತಿಲ ಒಳಗೆ ನೆಲದ ಮೇಲೇ ಕೂತಳು. "ನಿಧಾನವಾಗಿ ಹೇಳಮ್ಮ," ಎಂದಳು. "ಗೌರಿಬಿದನೂರು ಬಸ್ಸು ಹೋದ್ರೆ ಹೋಗ್ಲಿ. ಇಲ್ಲೇ ಕಾಯ್ತೀನಿ."